ಹಳೇ ತೇಗದ ಹಲಗೆ ಇದೆಯಾ?

ಬಾಲ್ಕನಿಯಲ್ಲಿ ಕೂತು ನಾನೇ ಮಾಡ್ತಿರೋ ಗಿಟಾರಿನ ಒಡಲಿಗೆ ಸ್ಯಾಂಡ್‌ಪೇಪರ್ ಉಜ್ತಾ ಇದ್ದೆ. 'ಅಂಗಡೀಲಿ ಸಿಗಲ್ವೇನೋ ಇದು?' ಅಂದ್ಲು ಅಮ್ಮ. ಸಿಗುತ್ತೆ, ಸಿಗದೇ ಏನು!

ಆದ್ರೆ ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ನೆನಪಾದ. ಅಂಗಡಿಯದ್ದು ಕೊಳ್ಳೋಕೆ ಕಾಸಿಲ್ಲದೆ 1963ರಲ್ಲಿ ಅಪ್ಪನ ಜೊತೆ ಸೇರಿ ಎಲೆಕ್ಟ್ರಿಕ್ ಗಿಟಾರ್ ಮಾಡೋಕೆ ಕೂತ ಹುಡುಗ. ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಮರ, ಸ್ವರ ಬಾಗಿಸೋ ಟ್ರೆಮೊಲೊಗೆ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ಫ್ರೆಟ್‌ಬೋರ್ಡಿನ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು! 'ರೆಡ್ ಸ್ಪೆಷಲ್' ಅನ್ನೋ ಅದೇ ಗಿಟಾರು 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಾವಣಿ ಮೇಲೆ ನುಡೀತು.

ಎಲೆಕ್ಟ್ರಿಕ್ ಗಿಟಾರಿನ ದನಿ ಬಹುಪಾಲು ತಂತಿ, ಪಿಕಪ್, ಆಂಪ್‌ನದ್ದು. ಮರ ಯಾವುದು ಅಂತ ಜಗಳ ಆಡೋರು ಆಡ್ಲಿ (ಆಡ್ತಾನೇ ಇರ್ತಾರೆ). ನಿಮ್ಮನೆ ಅಟ್ಟದಲ್ಲಿ ಹಳೇ ತೇಗದ ಹಲಗೆ ಬಿದ್ದಿದ್ರೆ, ಒಲೆಗೆ ಹಾಕೋ ಮುಂಚೆ ನಂಗೊಂದು ಮೆಸೇಜ್ ಮಾಡ್ರಪ್ಪಾ.