ದಿಂಬಿನ ಮೇಲಿನ ಕೂದಲು

12 ಜೂನ್ 2023, ಸೋಮವಾರ

ಮಗನದು ಕರುಳಿನ ಕ್ಷಯವೋ ಕ್ರೋನ್ಸ್ ಕಾಯಿಲೆಯೋ ಎಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿದವು. ಎರಡೂ ಅಷ್ಟು ಹೋಲುತ್ತವೆ. ಕ್ರೋನ್ಸ್ ಎಂದಾದ ಮೇಲೆ ಸ್ಟೀರಾಯ್ಡ್ ಕೊಟ್ಟರು. ಹೊಟ್ಟೆನೋವು ನಿಂತಿತು, ಮಗುವಿನ ಮುಖ ಊದಿತು. ಹನ್ನೊಂದು ತುಂಬಿದರೂ ಎತ್ತರವಿಲ್ಲ. ಬೆಳವಣಿಗೆಯನ್ನು ಕಾಯಿಲೆಯೂ ತಡೆಯುತ್ತದೆ, ಸ್ಟೀರಾಯ್ಡೂ ತಡೆಯುತ್ತದೆ. ಅದನ್ನು ಸ್ವಲ್ಪಸ್ವಲ್ಪವೇ ಇಳಿಸಿ ಬಿಡಿಸಲು ಇಂದಿನಿಂದ ಅಜಥಯೋಪ್ರಿನ್ ಮಾತ್ರೆ. ಮೊದಲ ತಿಂಗಳು ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದಿದ್ದಾರೆ ಡಾಕ್ಟರು.

4 ಜುಲೈ, ಮಂಗಳವಾರ

ಬೆಳಿಗ್ಗೆ ಹಾಸಿಗೆ ಮಡಿಸುವಾಗ ದಿಂಬಿನ ತುಂಬ ಕೂದಲು. ತಲೆ ಸವರಿದರೆ ಕೈಗೇ ಬರುತ್ತಿತ್ತು. ಸೂಜಿ ಕಂಡರೆ ಅಳುತ್ತಾನೆಂದು ಕಳೆದ ವಾರದ ಪರೀಕ್ಷೆಯನ್ನು ನಾನೇ ಮುಂದೂಡಿದ್ದೆ. ಓಡಿದೆವು. ಬಿಳಿ ರಕ್ತಕಣ 1,800. ನಾಲ್ಕು ಸಾವಿರವಾದರೂ ಇರಬೇಕಿತ್ತು. ಮಾತ್ರೆ ಇವತ್ತೇ ನಿಂತಿತು. ಇನ್ನೆಂದೂ ಒಂದು ಪರೀಕ್ಷೆಯನ್ನೂ ಮುಂದೂಡುವುದಿಲ್ಲ.

18 ಜುಲೈ, ಮಂಗಳವಾರ

ಜೀನ್ ಪರೀಕ್ಷೆಯ ವರದಿ ಬಂತು. ಎನ್‌ಯುಡಿಟಿ15 ಎಂಬ ಜೀನಿನಲ್ಲಿ ವ್ಯತ್ಯಾಸವಿದೆ. ಅದಿದ್ದವರಿಗೆ ಸಾಮಾನ್ಯ ಪ್ರಮಾಣದ ಅಜಥಯೋಪ್ರಿನ್ ಕೂಡ ಹೆಚ್ಚಾಗುತ್ತದಂತೆ. ಯುರೋಪಿನವರಿಗಿಂತ ನಮ್ಮ ಏಷ್ಯಾದವರಲ್ಲೇ ಇದು ಹೆಚ್ಚು. ಮೊದಲೇ ನೋಡಿದ್ದರೆ!

ಮುಂದೆ ಇನ್‌ಫ್ಲಿಕ್ಸಿಮ್ಯಾಬ್. ಮಕ್ಕಳ ಕ್ರೋನ್ಸ್‌ಗೆ ಅಮೆರಿಕ ಅದನ್ನು ಒಪ್ಪಿದ್ದು 2006ರಲ್ಲಿ. ಅದರ ಎಚ್ಚರಿಕೆಗಳನ್ನು ಡಾಕ್ಟರು ಮುಚ್ಚಿಡಲಿಲ್ಲ. ಒಳಗೆ ಅಡಗಿದ ಕ್ಷಯ ಎದ್ದುಬರಬಹುದು. ಅಜಥಯೋಪ್ರಿನ್ ಜಾತಿಯ ಮಾತ್ರೆಯೂ ಜೊತೆಗಿದ್ದಾಗ ಅಪರೂಪದ ಒಂದು ಲಿಂಫೋಮಾ ಕಂಡದ್ದಿದೆ, ಅದೂ ಹೆಚ್ಚಾಗಿ ಹದಿಹರೆಯದ ಹುಡುಗರಲ್ಲಿ. ಹಾಗಾಗಿ ಇವನಿಗೆ ಇದೊಂದೇ.

ಅತ್ತೆ ರಾತ್ರಿ ಪಕ್ಕದಲ್ಲಿ ಕೂತು, "ಕೂಸಿನ ಮೈ ಇದನ್ನ ತಡಕೊಳ್ಳುತ್ತೇನವ್ವ?" ಎಂದರು. "ಔಷಧಿ ಕೊಡದಿದ್ದರೆ ಕರುಳು ಕಿರಿದಾಗುತ್ತೆ ಅತ್ತೆ, ಕೊಯ್ಯಬೇಕಾಗುತ್ತೆ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

10 ಆಗಸ್ಟ್, ಗುರುವಾರ

ಮಾಂಟೂ ಪರೀಕ್ಷೆ, ಎದೆಯ ಎಕ್ಸ್-ರೇ ಎರಡರಲ್ಲೂ ಕ್ಷಯದ ಸುಳಿವಿಲ್ಲ. ಬಿಳಿ ರಕ್ತಕಣ 5,200. ಮಗನ ತೂಕ 26 ಕಿಲೋ, ಕಿಲೋಗೆ 5 ಮಿಲಿಗ್ರಾಂನಂತೆ 130. ಎರಡು ಗಂಟೆ ಡ್ರಿಪ್. ಸಿಸ್ಟರ್ ಆಗಾಗ ಬಂದು ರಕ್ತದೊತ್ತಡ ನೋಡಿದರು. ಇನ್ನೆರಡು ವಾರ ಬಿಟ್ಟು ಒಂದು, ಆರನೇ ವಾರ ಒಂದು, ಆಮೇಲೆ ಎಂಟು ವಾರಕ್ಕೊಂದು.

ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ: ಜ್ವರ ಬಂದರೆ ತಕ್ಷಣ ಫೋನ್. ಜೀವಂತ ರೋಗಾಣುವಿನ ಲಸಿಕೆ ಬೇಡ. ನೋವಿಗೆ ಐಬುಪ್ರೊಫೇನ್ ಬೇಡ. ಮುಂದಿನ ರಕ್ತ ಪರೀಕ್ಷೆ: 24 ಆಗಸ್ಟ್. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.