ಗಿರಿ ಹತ್ತುವ ಮುನ್ನ

ಚಿಕ್ಕಮಗಳೂರಿಗೆ ಪ್ರವಾಸ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ. ಜೀಪಿನಲ್ಲಿ ಗಿರಿಗೆ ಹೋದೆವು, ಫೋಟೋ ತೆಗೆದೆವು, ಮಾಣಿಕ್ಯಧಾರೆಯ ನೀರಿಗೆ ಕೈಯೊಡ್ಡಿದೆವು, ಕಾಫಿಪುಡಿ ಕೊಂಡು ಬಂದೆವು. ಗಂಡಸರೂ ಹುಡುಗರೂ ಒಂದಷ್ಟು ದೂರ ಗುಡ್ಡ ಹತ್ತಿ ಬರುತ್ತಾರೆ. ಹೆಂಗಸರು ಬುತ್ತಿ, ನೀರಿನ ಬಾಟಲಿ, ಮಕ್ಕಳ ಸ್ವೆಟರ್ ಕಾಯುತ್ತಾ ವಾಹನದ ಬಳಿಯೇ ಕುಳಿತಿರುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಮನೆಯೊಳಗೆ ನಡೆಯುತ್ತಲೇ ಇರುವವರ ಕಾಲಿಗೆ ಬೆಟ್ಟ ಹತ್ತುವ ಶಕ್ತಿ ಇಲ್ಲವೆಂದು ಹೇಳಿದವರು ಯಾರು? ಯಾವ ಬೆಟ್ಟ ಎಷ್ಟು ಕಠಿಣ ಎಂಬುದನ್ನು ಮೊದಲೇ ತಿಳಿದು ಆರಿಸಿಕೊಂಡರೆ ಅವರೂ ಹತ್ತಬಹುದು.

ಈ ಗಿರಿಶ್ರೇಣಿಗೆ ಚಂದ್ರದ್ರೋಣ ಎಂಬ ಹೆಸರಿದೆ. ಬಿದಿಗೆಯ ಚಂದ್ರನಂತೆ ಬಾಗಿರುವುದೇ ಇದಕ್ಕೆ ಕಾರಣ. 17ನೇ ಶತಮಾನದಲ್ಲಿ ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್‌ರವರು ಯಮನ್‌ನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬುದು ತಲೆಮಾರುಗಳಿಂದ ಬಂದ ಮಾತು. ಇಂದು ಕೆಳಗಿನ ಇಳಿಜಾರುಗಳೆಲ್ಲ ಕಾಫಿ ತೋಟ. ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ದಟ್ಟವಾದ ಶೋಲಾ ಕಾಡು.

ಯಾರಿಗೆ ಯಾವ ಬೆಟ್ಟ?

ಮೊದಲ ಸಲ ಹತ್ತುವವರಿಗೆ ಮುಳ್ಳಯ್ಯನಗಿರಿ ಒಳ್ಳೆಯದು. 1,930 ಮೀಟರ್ ಎತ್ತರದ ಇದು ಕರ್ನಾಟಕದ ಅತಿ ಎತ್ತರದ ಶಿಖರ. ಆದರೆ ಎತ್ತರ ಬೇರೆ, ಕಷ್ಟ ಬೇರೆ. ವಾಹನ ಬಹುಪಾಲು ಎತ್ತರವನ್ನು ಏರಿಸಿಬಿಡುವುದರಿಂದ ನಮಗೆ ಉಳಿಯುವುದು ಕೊನೆಯ ಮೆಟ್ಟಿಲುಗಳು ಮಾತ್ರ. ಅಜ್ಜಿಯಂದಿರೂ ಅಲ್ಲಲ್ಲಿ ಕುಳಿತು, ಸುಧಾರಿಸಿಕೊಂಡು ಹತ್ತುತ್ತಾರೆ. ಅದೇ ಶಿಖರವನ್ನು ಸರ್ಪದಾರಿಯಿಂದ ಏರಿದರೆ ಮಾತು ಬೇರೆ. ಮೂರು ನಾಲ್ಕು ಕಿಲೋಮೀಟರಿನ ಕಡಿದಾದ ಕಾಲುದಾರಿ ಅದು. ಹಾವಿನಂತೆ ಹೊರಳುವ ಆ ದಾರಿಯಲ್ಲಿ ನೆರಳು ಕಡಿಮೆ, ಗಾಳಿ ಹೆಚ್ಚು.

ಎರಡನೆಯದು ಮೂಡಿಗೆರೆ ತಾಲೂಕಿನ ಬೈರಾಪುರದ ಬಳಿಯ ಎತ್ತಿನ ಭುಜ. ಎತ್ತಿನ ಹೆಗಲ ಡುಬ್ಬದಂತೆ ಎದ್ದು ನಿಂತ ಬಂಡೆ ಇದು. ಎತ್ತರ ಸುಮಾರು 1,300 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ಬಹಳ ತಗ್ಗು. ದಾರಿಯೂ ಉದ್ದವಲ್ಲ. ಆದರೂ ಕೊನೆಯ ಏರಿನಲ್ಲಿ ಕೈಯೂರಿ ಹತ್ತಬೇಕಾಗುತ್ತದೆ. ಒದ್ದೆಯಾಗಿದ್ದರೆ ಆ ಬಂಡೆ ಜಾರುತ್ತದೆ. ಎತ್ತರ ನೋಡಿ ಬೆಟ್ಟವನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸುಂಕಸಾಲೆಯ ಕಡೆಯಿಂದ ಹತ್ತುವ ಬಲ್ಲಾಳರಾಯನ ದುರ್ಗ ಮೂರನೆಯದು. ಹಳೆಯ ಕೋಟೆಯ ಗೋಡೆಗಳು, ವಿಶಾಲವಾದ ಹುಲ್ಲುಗಾವಲು, ಅದರಾಚೆ ಬಂಡಾಜೆ ಅರ್ಬಿಯ ನೀರು ಬೆಳ್ತಂಗಡಿಯ ಕಡೆಗೆ ಧುಮುಕುವ ಅಂಚು. ಮಂಜು ಕವಿದರೆ ಇಲ್ಲಿ ನಾಲ್ಕು ದಿಕ್ಕೂ ಒಂದೇ ರೀತಿ ಕಾಣುತ್ತದೆ. ದಾರಿ ಬಲ್ಲವರಿಲ್ಲದೆ ಹೋಗತಕ್ಕದ್ದಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಕಳಸದ ಸಮೀಪದ ಕುದುರೆಮುಖ. ಮುಳ್ಳೋಡಿಯಿಂದ ಹೊರಟು ಒಂಟಿ ಮರ, ಲೋಬೋ ಮನೆ ದಾಟಿ ಸುಮಾರು 1,890 ಮೀಟರ್ ಎತ್ತರದ ನೆತ್ತಿ ಮುಟ್ಟಿ ಮರಳುವಾಗ ಸುಮಾರು 20 ಕಿಲೋಮೀಟರ್ ನಡೆದಿರುತ್ತೇವೆ. ನಡುವೆ ಹಲವು ತೊರೆಗಳಿವೆ. ಮಳೆ ಬಂದರೆ ಬೆಳಿಗ್ಗೆ ದಾಟಿದ ತೊರೆ ಸಂಜೆ ದಾಟಗೊಡದು. 1987ರಿಂದ ಇದು ರಾಷ್ಟ್ರೀಯ ಉದ್ಯಾನ. ಕಾಡಿನೊಳಗೆ ರಾತ್ರಿ ತಂಗುವಂತಿಲ್ಲ. ಹೀಗಾಗಿ ಬೆಳಿಗ್ಗೆ ಬೇಗ ಹೊರಟು ಅಸರ್‌ನ ಹೊತ್ತಿಗೆ ಕೆಳಗಿರುವಂತೆ ಲೆಕ್ಕ ಹಾಕಬೇಕು. ತಿಂಗಳ ಮೊದಲೇ ದಿನಕ್ಕೆ ಮೂರ್ನಾಲ್ಕು ಕಿಲೋಮೀಟರ್ ನಡೆದು ಅಭ್ಯಾಸ ಮಾಡಿಕೊಳ್ಳದವರು ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ.

ದಾರಿ ಬಿಡುವ ಆಸೆ

ಸ್ವಲ್ಪ ಅನುಭವ ಬಂದ ಕೂಡಲೇ ಹುಡುಗರಿಗೆ ದಾರಿ ಬಿಟ್ಟು ನಡೆಯುವ ಆಸೆ ಹುಟ್ಟುತ್ತದೆ. ಇದು ಲೋಕದ ಎಲ್ಲೆಡೆಯೂ ಇರುವ ಆಸೆ. ಜಪಾನಿನ ಹೊಕ್ಕೈಡೋ ದ್ವೀಪದ ನಿಸೆಕೋ ಎಂಬಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆಂದು ಜನ ದೂರದ ದೇಶಗಳಿಂದ ಬರುತ್ತಾರೆ. ಸಿದ್ಧಪಡಿಸಿದ ದಾರಿ ಬಿಟ್ಟು ಆಳವಾದ ಹಿಮಕ್ಕಿಳಿಯಲು ಅಲ್ಲಿ ಅವಕಾಶವಿದೆ. ಆದರೆ ಗೊತ್ತುಪಡಿಸಿದ ದ್ವಾರಗಳ ಮೂಲಕವೇ ಹೋಗಬೇಕು. ಹಿಮ ಕುಸಿಯುವ ಅಪಾಯವಿದ್ದ ದಿನ ದ್ವಾರ ಮುಚ್ಚುತ್ತಾರೆ. ಕಟ್ಟಿದ ಹಗ್ಗದಡಿ ನುಸುಳುವಂತಿಲ್ಲ.

ನಮ್ಮ ಬೆಟ್ಟಗಳಲ್ಲಿ ಅಂಥ ಹಗ್ಗವಿಲ್ಲ. ಆ ಹಗ್ಗವನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಹುಲ್ಲಿನಡಿ ಬಂಡೆ ಎಲ್ಲಿ ಮುಗಿಯುತ್ತದೆ, ಪ್ರಪಾತ ಎಲ್ಲಿ ಶುರುವಾಗುತ್ತದೆ ಎಂಬುದು ಮಂಜಿನಲ್ಲಿ ಕಾಣದು. ಮೂಡಿಗೆರೆಯ ಕಡೆ ಆನೆಗಳ ಓಡಾಟವೂ ಇದೆ. ಇನ್ನೊಂದು ಮಾತು, ಒಬ್ಬರು ತುಳಿದ ಅಡ್ಡದಾರಿಯನ್ನು ನೂರು ಜನ ತುಳಿದರೆ ಹುಲ್ಲು ಸಾಯುತ್ತದೆ. ಮುಂದಿನ ಮಳೆಗೆ ಅಲ್ಲಿನ ಮಣ್ಣು ಕೊಚ್ಚಿ ಹೋಗುತ್ತದೆ. 2022ರಲ್ಲಿ ಗಿರಿಯನ್ನೆಲ್ಲ ನೀಲಿಯಾಗಿಸಿದ ಕುರಿಂಜಿ ಗಿಡಗಳು ಬೆಳೆದದ್ದು ಈ ಮಣ್ಣಿನಲ್ಲೇ.

ಹೊರಡುವ ಮೊದಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಆಗ ಇಂಬಳಗಳ ಕಾಟವೂ ಹೆಚ್ಚು. ಉಪ್ಪು ಅಥವಾ ಸುಣ್ಣದ ಸಣ್ಣ ಪೊಟ್ಟಣ ಜೊತೆಗಿರಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಅಕ್ಟೋಬರ್‌ನಿಂದ ಜನವರಿವರೆಗಿನ ದಿನಗಳು ಕುಟುಂಬಗಳಿಗೆ ಅನುಕೂಲ. ಕುದುರೆಮುಖದಂಥ ಚಾರಣಗಳಿಗೆ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡವಾಗಿ ಅನುಮತಿ ಪಡೆಯಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ಕಡೆ ಹೋಗುವ ವಾಹನಗಳಿಗೂ 2025ರ ಸೆಪ್ಟೆಂಬರ್‌ನಲ್ಲಿ ಜಿಲ್ಲಾಡಳಿತ ಮುಂಗಡ ನೋಂದಣಿಯನ್ನು ಜಾರಿಗೆ ತಂದಿತು.

ಸಹೋದರಿಯರಿಗೆ ಎರಡು ಮಾತು. ನೆಲ ಗುಡಿಸುವ ಬುರ್ಖಾ ಇಳಿಜಾರಿನಲ್ಲಿ ಕಾಲಿಗೆ ತೊಡರುತ್ತದೆ. ಹಿಮ್ಮಡಿಗಿಂತ ಮೇಲೆ ನಿಲ್ಲುವ ಸಡಿಲ ಉಡುಪು, ಒಳಗೆ ಪೈಜಾಮ, ಗಾಳಿಗೆ ಹಾರದಂತೆ ಪಿನ್ನು ಹಾಕಿದ ಸ್ಕಾರ್ಫ್, ಹಿಡಿತವಿರುವ ಶೂ ಸಾಕು. ಮರ್ಯಾದೆಗೂ ಕೊರತೆಯಿಲ್ಲ, ನಡಿಗೆಗೂ ತೊಂದರೆಯಿಲ್ಲ. ಎರಡನೆಯದು ಹೆಚ್ಚಿನವರು ಹೇಳಲು ನಾಚುವ ವಿಷಯ. ಕಾಡುದಾರಿಯಲ್ಲಿ ಶೌಚಾಲಯವಿರುವುದಿಲ್ಲವೆಂದು ಅನೇಕರು ನೀರನ್ನೇ ಕುಡಿಯದೆ ಹತ್ತುತ್ತಾರೆ. ತಲೆಸುತ್ತು, ಕಾಲಿನ ಸೆಳೆತ ಬರುವುದು ಇದರಿಂದಲೇ. ಕೊನೆಯ ಊರಿನಲ್ಲಿ ಒಂದು ಮನೆಯವರನ್ನು ವಿನಂತಿಸಿಕೊಳ್ಳಿ. ಮಲೆನಾಡಿನವರು ಇಲ್ಲವೆನ್ನುವುದು ಅಪರೂಪ. ಆಮೇಲೆ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ನೀರು ಕುಡಿಯಿರಿ.

ಬೆಟ್ಟ ಆರಿಸುವಾಗ ಮನೆಯ ಅತ್ಯಂತ ಚುರುಕಾದ ಹುಡುಗನನ್ನು ಕೇಳಬೇಡಿ, ಅತ್ಯಂತ ನಿಧಾನ ನಡೆಯುವವರನ್ನು ಕೇಳಿ. ಅವರ ಹೆಜ್ಜೆಗೆ ಎಲ್ಲರೂ ಹೆಜ್ಜೆ ಕೂಡಿಸಿದರೆ ಯಾರೂ ವಾಹನದ ಬಳಿ ಕುಳಿತು ಬುತ್ತಿ ಕಾಯಬೇಕಾಗಿಲ್ಲ. ಬುತ್ತಿಯನ್ನೂ ಮೇಲಕ್ಕೇ ಒಯ್ಯಬಹುದು. ಹೊರುವ ಸರದಿ ಮಾತ್ರ ಈ ಬಾರಿ ಹುಡುಗರದ್ದಾಗಲಿ.