ಗೂಡುದೀಪದ ಕಡ್ಡಿ ಮುಂದಿನ ವರ್ಷಕ್ಕೂ ಇರಲಿ

ದೀಪಾವಳಿಗೆ ಎಂಟು-ಹತ್ತು ದಿನ ಇರುವಾಗ ಮಂಗಳೂರಿನ ಪೇಟೆಯಲ್ಲಿ ನಡೆಯುವವರು ಆಗಾಗ ತಲೆ ಎತ್ತಿ ನೋಡಲೇಬೇಕು. ಹಂಪನಕಟ್ಟೆಯಿಂದ ರಥಬೀದಿಯವರೆಗೆ ಅಂಗಡಿಗಳ ಮುಂದೆ ಕಟ್ಟಿದ ಹಗ್ಗಗಳಲ್ಲಿ ಕೆಂಪು, ಹಳದಿ, ಹಸಿರು ಗೂಡುದೀಪಗಳು ತೂಗುತ್ತಿರುತ್ತವೆ. ಉತ್ತರ ಕರ್ನಾಟಕದವರು ಆಕಾಶಬುಟ್ಟಿ ಅನ್ನುವುದು ಇದನ್ನೇ. ತುಳುವರಿಗೆ ದೀಪಾವಳಿ ಅಂದರೆ ‘ಪರ್ಬ’, ಪರ್ಬ ಅಂದರೆ ಮನೆ ಮುಂದೆ ಎತ್ತರದಲ್ಲೊಂದು ಗೂಡುದೀಪ. ಹಿರಿಯರಿಗೆ ದಾರಿ ಕಾಣಲಿ ಅಂತ ಇದನ್ನು ತೂಗುಹಾಕುತ್ತಾರೆ ಎನ್ನುವ ನಂಬಿಕೆಯೂ ಉಂಟು. ತುಳಸಿ ಪೂಜೆ ಮುಗಿಯುವ ತನಕ ಎಷ್ಟೋ ಮನೆಗಳಲ್ಲಿ ಅದು ಕೆಳಗಿಳಿಯುವುದಿಲ್ಲ.

ಅಂಗಡಿಯಲ್ಲಿ ಸಿಗುವ ಗೂಡುದೀಪಗಳನ್ನು ಹತ್ತಿರದಿಂದ ನೋಡಿದರೆ ಮೂರು ಬಗೆ. ಮಡಚಿ ಪ್ಯಾಕೆಟ್‌ನಲ್ಲಿ ಬರುವ ಪ್ಲಾಸ್ಟಿಕ್‌ನದ್ದು, ಬಣ್ಣದ ಪ್ರಿಂಟ್ ಹಾಕಿದ ರಟ್ಟಿನದ್ದು, ಬಿದಿರಿನ ಕಡ್ಡಿಗೆ ಕಾಗದ ಅಂಟಿಸಿದ್ದು. ಮೊದಲೆರಡು ರಾಶಿ ರಾಶಿ ಇರುತ್ತವೆ. ಮೂರನೆಯದನ್ನು ಹುಡುಕಬೇಕು.

ಅಂಥದ್ದೊಂದು ನನಗೆ ಕಂಡಿದ್ದು ಮಾರಾಟದ ಹಗ್ಗದಲ್ಲಲ್ಲ, ರಥಬೀದಿ ಹತ್ತಿರದ ಓಣಿಯೊಂದರ ಪುಟ್ಟ ಸೀರೆ ಅಂಗಡಿಯ ಶೋಕೇಸಿನಲ್ಲಿ. ಗಾಜಿನ ಹಿಂದೆ ಜಾಗ ಇದ್ದದ್ದೇ ಐದಾರು ಅಡಿ. ಮಧ್ಯದಲ್ಲಿ ದೊಡ್ಡ ಗೂಡುದೀಪ, ಅದರ ಎರಡೂ ಪಕ್ಕ ಸೀರೆ ಇಳಿಬಿಟ್ಟಿದ್ದರು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದು ಖಾಲಿ ಸೀರೆ ಬಾಕ್ಸುಗಳು. ಬಟ್ಟೆಯ ಥಾನು ಸುತ್ತಿ ಬರುತ್ತದಲ್ಲ, ಆ ರಟ್ಟಿನ ಕೊಳವೆಗಳೇ ಎರಡು ಬದಿಯ ಕಂಬ. ಬ್ಲೌಸ್ ಪೀಸ್ ಕತ್ತರಿಸಿ ಉಳಿದ ಚಿಂದಿಯನ್ನು ತ್ರಿಕೋನ ಮಾಡಿ ದಾರಕ್ಕೆ ಹೊಲಿದರೆ ತೋರಣ. ದುಡ್ಡು ಕೊಟ್ಟು ತಂದದ್ದು ಅಂತ ಕಂಡಿದ್ದು ಒಂದು ಬಲ್ಬ್ ಮಾತ್ರ.

“ಚೆಂದ ಉಂಟು ಅಣ್ಣ, ಯಾರು ಮಾಡಿದ್ದು?” ಅಂತ ಕೇಳಿದೆ.

“ನಾವೇ ಮಾಡಿದ್ದು ಮಾರಾಯ್ರೆ. ಹೊಸತೇನಲ್ಲ, ಹೋದ ವರ್ಷದ್ದೇ. ಕಾಗದ ಮಾತ್ರ ಬದಲಿಸಿದ್ದು” ಅಂದರು ಗಲ್ಲಾದಲ್ಲಿದ್ದವರು.

ಆ ‘ಕಾಗದ ಮಾತ್ರ’ ಅನ್ನುವ ಮಾತಿನಲ್ಲಿ ಹಬ್ಬದ ಅಲಂಕಾರದ ಬಗ್ಗೆ ಒಂದು ಪಾಠವೇ ಇದೆ ಅಂತ ನನಗೆ ಅನ್ನಿಸಿತು.

ಆರು ಚೌಕ, ಇಪ್ಪತ್ತನಾಲ್ಕು ಕಡ್ಡಿ

ಆ ಶೋಕೇಸಿನಲ್ಲಿದ್ದದ್ದು ಬಹಳ ಕಡೆ ಕಾಣುವ ಹಳೆಯ ಆಕಾರ. ಒಂದೇ ಅಳತೆಯ 24 ಬಿದಿರಿನ ಕಡ್ಡಿ ಬೇಕು. ನಾಲ್ಕು ನಾಲ್ಕು ಸೇರಿಸಿ ಕಟ್ಟಿದರೆ ಆರು ಚೌಕ. ಈಗ ಚೌಕದ ಮೂಲೆಗೆ ಮೂಲೆ ತಾಗಿಸಿ ದಾರ ಸುತ್ತುತ್ತಾ ಹೋಗಬೇಕು. ಮೇಲೊಂದು, ಕೆಳಗೊಂದು, ಸುತ್ತ ನಾಲ್ಕು. ಕಟ್ಟಿ ಮುಗಿಸಿದಾಗ ಚೌಕಗಳ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡಿರುತ್ತವೆ. ಅವುಗಳಿಗೆ ಬೇರೆ ಕಡ್ಡಿಯೇ ಬೇಡ! ಒಂದು ಗೇಣು ಉದ್ದದ ಕಡ್ಡಿ ಬಳಸಿದರೆ ಗೂಡಿನ ಎತ್ತರ ಒಂದೂವರೆ ಗೇಣಿಗಿಂತ ಸ್ವಲ್ಪ ಕಡಿಮೆ ಬರುತ್ತದೆ.

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಓದಿದ್ದು ಇಲ್ಲಿ ಕೈಗೆ ಸಿಗುತ್ತದೆ. ತ್ರಿಕೋನ ಅಲುಗಾಡುವುದಿಲ್ಲ, ಚೌಕ ಮಾತ್ರ ಒತ್ತಿದರೆ ಓರೆಯಾಗುತ್ತದೆ. ಮನೆಯ ಸಣ್ಣ ಗೂಡುದೀಪಕ್ಕೆ ಬಿಗಿಯಾಗಿ ಅಂಟಿಸಿದ ಕಾಗದವೇ ಆ ಕೆಲಸ ಮಾಡುತ್ತದೆ, ಎಳೆದು ಹಿಡಿದು ಚೌಕವನ್ನು ನೇರ ಇಡುತ್ತದೆ. ಅಂಗಡಿಗೆ ದೊಡ್ಡದು ಬೇಕಾದರೆ, ವರ್ಷವರ್ಷ ಕಾಗದ ಕಿತ್ತು ಹಾಕಬೇಕಾದರೆ, ಒಂದೊಂದು ಚೌಕಕ್ಕೂ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕಟ್ಟಬೇಕು. ಒಟ್ಟು ಆರು ಕಡ್ಡಿ ಹೆಚ್ಚಿಗೆ, ಅಷ್ಟೇ. ಮೇಲಿನ ಚೌಕಕ್ಕೆ ಕಟ್ಟಿದ ಓರೆ ಕಡ್ಡಿಗೇ ಬಲ್ಬ್ ನೇತು ಹಾಕಬಹುದು.

ಅಂಟು ಯಾವುದು? ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿದ್ದು. ಇದಕ್ಕೆ ಇನ್ನೊಂದು ಗುಣ ಇದೆ. ಒದ್ದೆ ಬಟ್ಟೆ ಹಿಡಿದರೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಹಳೆ ಕಾಗದ ಕೀಳುವಾಗ ಕಡ್ಡಿ ಮುರಿಯುವುದಿಲ್ಲ. ಗ್ಲೂ ಗನ್ ಹಿಡಿದವರಿಗೆ ಈ ಸೌಲಭ್ಯ ಇಲ್ಲ, ಅದು ಕಡ್ಡಿಯ ಸಿಪ್ಪೆಯನ್ನೂ ಎಳೆದುಕೊಂಡೇ ಬರುತ್ತದೆ.

ಇಲ್ಲಿ ಕಾಗದ ಆಯಾ ವರ್ಷದ್ದು, ಬಿದಿರು ವರ್ಷಗಟ್ಟಲೆಯದ್ದು. ಪರ್ಬ ಮುಗಿದ ಮೇಲೆ ಗೂಡನ್ನು ಅಟ್ಟಕ್ಕೆ ಏರಿಸಿದರೆ ಮುಂದಿನ ವರ್ಷ ಮಕ್ಕಳಿಗೆ ಕೆಲಸ ಸಿಗುತ್ತದೆ. ‘ರೀಸೈಕಲ್’ ಅನ್ನುವ ಪದ ಬರುವ ಮೊದಲೇ ಅಟ್ಟ ಇತ್ತು.

ಪರ್ಬದಿಂದ ಕ್ರಿಸ್‌ಮಸ್‌ಗೆ

ಮಂಗಳೂರಿನ ಅಂಗಡಿಯವರಿಗೆ ಹಬ್ಬಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ಬರುತ್ತವೆ. ಚೌತಿ, ನವರಾತ್ರಿ, ಪರ್ಬ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ಕ್ರಿಸ್‌ಮಸ್. ಪ್ರತಿ ಸಲ ಶೋಕೇಸ್ ಬದಲಿಸಬೇಕು, ಪ್ರತಿ ಸಲ ಖರ್ಚು. ಆ ಸೀರೆ ಅಂಗಡಿಯವರ ಉಪಾಯ ನೋಡಿ: ಡಿಸೆಂಬರ್ ಬಂದಾಗ ಅದೇ ಗೂಡಿನ ಕಾಗದ ತೆಗೆದು, ಮುಖ ಮುಖಕ್ಕೂ ಬಿಳಿ ಕಾಗದದ ಚೂಪು ಕೊಂಬು ಕೂರಿಸುತ್ತಾರಂತೆ. ಆರು ಚೌಕ, ಎಂಟು ತ್ರಿಕೋನ, ಒಟ್ಟು 14 ಮುಖ. ಬಲ್ಬಿಗಾಗಿ ಮೇಲಿನದನ್ನು ಬಿಟ್ಟರೆ 13 ಕೊಂಬು. ಗೂಡುದೀಪ ಹೋಗಿ ನಕ್ಷತ್ರ ಬಂತು!

ಕ್ರಿಸ್‌ಮಸ್ ಹೊತ್ತಿನ ಮಂಗಳೂರಿನಲ್ಲಿ ಈ ಕೈಚಳಕ ಇನ್ನೂ ಚೆನ್ನಾಗಿ ಕಾಣುವುದು ಗೋದಲಿಯಲ್ಲಿ. ಏಸು ಹುಟ್ಟಿದ ಕೊಟ್ಟಿಗೆಯನ್ನು ಮನೆಯಂಗಳದಲ್ಲೋ ಚರ್ಚ್ ಆವರಣದಲ್ಲೋ ಕಟ್ಟುವುದಕ್ಕೆ ಇಲ್ಲಿ ಗೋದಲಿ ಅನ್ನುತ್ತಾರೆ. ಸಿಮೆಂಟ್ ಚೀಲದ ಕಂದು ಕಾಗದವನ್ನು ಮುದ್ದೆ ಮಾಡಿ, ಬಿಡಿಸಿ, ಬಣ್ಣ ಚಿಮುಕಿಸಿದರೆ ಅದು ಬೆಟ್ಟ. ಚಾವಣಿಗೆ ಬೈಹುಲ್ಲು. ಕೆಲವು ದಿನ ಮೊದಲೇ ಗೆರಟೆಯಲ್ಲೋ ತಟ್ಟೆಯಲ್ಲೋ ಬಿತ್ತಿದ ಧಾನ್ಯ ಮೊಳೆತು ನಿಂತರೆ ಅದೇ ಗದ್ದೆ. ಕುರಿ, ದನ, ಜೋಸೆಫ್, ಮರಿಯಾ ಮೂರ್ತಿಗಳು ಮಾತ್ರ ಪೆಟ್ಟಿಗೆಯಿಂದ ಹೊರಬಂದು ಪೆಟ್ಟಿಗೆಗೇ ಮರಳುತ್ತವೆ. ಇಲ್ಲೂ ಅದೇ ಲೆಕ್ಕ. ಉಳಿಯಬೇಕಾದದ್ದು ಉಳಿಯುತ್ತದೆ, ಉಳಿದದ್ದೆಲ್ಲ ಹಿತ್ತಿಲ ಗೊಬ್ಬರದ ಗುಂಡಿಗೆ.

ಯೋಚಿಸಿದರೆ ಕರಾವಳಿಯ ಹಳೆಯ ಅಲಂಕಾರಗಳೆಲ್ಲ ಈ ಲೆಕ್ಕದವೇ. ನೇಮದಲ್ಲಿ ದೈವ ಉಡುವ ತೆಂಗಿನ ಎಳೆಗರಿಯ ಸಿರಿಗೆ ಆಯುಸ್ಸು ಒಂದು ರಾತ್ರಿ. ಮದುವೆ ಚಪ್ಪರದ ತೋರಣಕ್ಕೆ ಎರಡು ದಿನ. ಮರುದಿನ ಅದು ತೆಂಗಿನ ಬುಡದಲ್ಲಿರುತ್ತದೆ. ಅಲಂಕಾರ ಮಾಡಿದವರೇ ಅದು ಎಲ್ಲಿಗೆ ಹೋಯಿತು ಅಂತ ನೋಡುತ್ತಿದ್ದ ಕಾಲ ಅದು.

ಕುದ್ರೋಳಿಯ ಅಂಗಳದಲ್ಲಿ

ಪೇಟೆಯಲ್ಲಿ ಹುಡುಕಬೇಕಾದ ಕೈಯಾರೆ ಕಟ್ಟಿದ ಗೂಡುದೀಪಗಳನ್ನು ಒಟ್ಟಿಗೆ ನೋಡಬೇಕೆಂದರೆ ಕುದ್ರೋಳಿಗೆ ಹೋಗಬೇಕು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ ದೇವಸ್ಥಾನದ ಅಂಗಳದಲ್ಲಿ ‘ನಮ್ಮ ಕುಡ್ಲ’ ವಾಹಿನಿ ಗೂಡುದೀಪ ಸ್ಪರ್ಧೆ ನಡೆಸುತ್ತಾ ಬಂದಿದೆ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಅಂತ ವಿಭಾಗಗಳು. ಕತ್ತಲಾದ ಮೇಲೆ ಸಾಲು ಸಾಲಾಗಿ ಹೊತ್ತಿ ನಿಂತ ಗೂಡುಗಳ ನಡುವೆ ನಡೆಯುವುದಿದೆಯಲ್ಲ, ಅದಕ್ಕಾಗಿಯೇ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಬಹುದು.

ಅಲ್ಲಿ ಏನೇನು ಬಳಸಿರುತ್ತಾರೆ ಅಂತ ಪಟ್ಟಿ ಮಾಡಲು ಹೊರಟರೆ ಸುಸ್ತಾಗುತ್ತದೆ. ಅಡಿಕೆ ಹಾಳೆ, ತೆಂಗಿನ ಗರಿ, ಗೆರಟೆ, ಧಾನ್ಯ, ಹಳೆ ಪೇಪರ್ ಸುರುಳಿ, ಬಳೆ, ಐಸ್‌ಕ್ರೀಂ ಕಡ್ಡಿ. ಒಂದೊಂದರ ಹಿಂದೆಯೂ ರಾತ್ರಿಗಳ ಕೆಲಸ ಇರುತ್ತದೆ. ಅಪ್ಪ ಕಡ್ಡಿ ಸೀಳಿದ್ದು, ಅಮ್ಮ ಕಾಗದ ಕತ್ತರಿಸಿದ್ದು, ಮಗಳು ಅಂಟಿಸಿದ್ದು ಎಲ್ಲ ಸೇರಿ ಒಂದು ಗೂಡು.

ಆದರೆ ಇಂಥ ಕಡೆ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಐಸ್‌ಕ್ರೀಂ ಕಡ್ಡಿಯ ಗೂಡು ‘ಕಸದಿಂದ ರಸ’ ಅನ್ನಿಸಿಕೊಳ್ಳಬೇಕಾದರೆ ಯಾರಾದರೂ ಅಷ್ಟು ಐಸ್‌ಕ್ರೀಂ ತಿಂದಿರಬೇಕಲ್ವಾ? ಹೊಸ ಕಡ್ಡಿಗಳ ಕಟ್ಟೇ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಹೊಸದಾಗಿ ಕೊಂಡು ತಂದು, ಫೆವಿಕಾಲ್ ಹಾಕಿ, ಗ್ಲಿಟರ್ ಸುರಿದು, ಎಲ್ಇಡಿ ಸರವನ್ನು ಅಂಟಿಸಿಬಿಟ್ಟರೆ ಅದು ಕಸದಿಂದ ಮಾಡಿದ್ದೂ ಅಲ್ಲ, ಮತ್ತೆ ಬೇರ್ಪಡಿಸಲು ಆಗುವುದೂ ಅಲ್ಲ. ಗುಜರಿಯವರು ರಟ್ಟನ್ನು ತೂಕ ಹಾಕಿ ಕೊಳ್ಳುತ್ತಾರೆ. ಗ್ಲಿಟರ್ ಮೆತ್ತಿದ, ಲ್ಯಾಮಿನೇಷನ್ ಹಾಕಿದ, ವೈರ್ ಅಂಟಿಕೊಂಡ ರಟ್ಟನ್ನು ಯಾರು ಕೊಳ್ಳುತ್ತಾರೆ?

ಇನ್ನೊಂದು ಕಡೆಯಿಂದಲೂ ನೋಡಬೇಕು. ಕರಾವಳಿಯಲ್ಲಿ ದೀಪಾವಳಿ ಹೊತ್ತಿಗೆ ಸಂಜೆ ಗುಡುಗು ಮಳೆ ಸಾಮಾನ್ಯ. ಕಾಗದದ ಗೂಡು ಒಂದು ಮಳೆಗೆ ಮೆತ್ತಗಾಗುತ್ತದೆ. ಜನ ಪ್ಲಾಸ್ಟಿಕ್ ಕೊಂಡದ್ದು ಸುಮ್ಮನೆ ಅಲ್ಲ. ಒಂದೇ ಪ್ಲಾಸ್ಟಿಕ್ ಗೂಡನ್ನು ಏಳೆಂಟು ವರ್ಷ ಒರೆಸಿ ಒರೆಸಿ ತೂಗುಹಾಕುವ ಮನೆಗಳಿವೆ. ಪ್ರತಿ ವರ್ಷ ಹೊಸ ‘ಇಕೋ ಫ್ರೆಂಡ್ಲಿ’ ಗೂಡು ಕೊಂಡು ಎಸೆಯುವವರಿಗಿಂತ ಅವರೇ ಮೇಲು ಅಂತ ನನ್ನ ಲೆಕ್ಕ. ವಸ್ತು ಯಾವುದು ಅನ್ನುವುದಷ್ಟೇ ಮುಖ್ಯ, ಅದು ಎಷ್ಟು ಹಬ್ಬ ಕಂಡಿತು ಅನ್ನುವುದೂ.

ಮಂದಾರದ ತೋಟ

ಈ ಲೆಕ್ಕ ಯಾಕೆ ಬೇಕು ಅನ್ನುವವರು ಪಚ್ಚನಾಡಿಯ ಹೆಸರು ಕೇಳಿರಬೇಕು. ಮಂಗಳೂರಿನ ಕಸ ಹೋಗಿ ಸೇರುವ ಜಾಗ ಅದು. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಜಾರಿ ಕೆಳಗಿದ್ದ ಮಂದಾರದ ಮೇಲೆ ಬಂತು. ನೀರು ಹರಿದಂತೆ ಕಸ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಅದರಡಿ ಮುಚ್ಚಿಹೋದವು. ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ತಮ್ಮ ತೋಟದ ಗರಿಯಿಂದ ತೋರಣ ಕಟ್ಟಿ, ಬಾಡಿದ ಮೇಲೆ ಅದೇ ಮರದ ಬುಡಕ್ಕೆ ಹಾಕಿ ಬದುಕಿದವರ ಮೇಲೆ ಊರೆಲ್ಲ ಎಸೆದದ್ದು ಬಂದು ಬಿತ್ತು.

ಆ ಗುಡ್ಡದಲ್ಲಿ ಹಬ್ಬದ ಪಾಲು ಎಷ್ಟು ಅಂತ ಅಳೆಯಲು ಹೊರಟಿಲ್ಲ. ಆದರೆ ಹಬ್ಬದ ಮರುದಿನ ಬೆಳಿಗ್ಗೆ ಅಂಗಡಿ ಸಾಲಿನ ಮುಂದೆ ಗುಡಿಸಿಟ್ಟ ರಾಶಿಗಳನ್ನು ನೋಡಿದವರಿಗೆ ಅಳತೆ ಬೇಕಾಗಿಲ್ಲ. ಥರ್ಮಾಕೋಲ್ ತುಂಡುಗಳು ಗಾಳಿಗೆ ಹಾರಿ ಚರಂಡಿ ಸೇರುತ್ತವೆ. ಅದರಲ್ಲಿ ಸುಮಾರು 98 ಪಾಲು ಗಾಳಿಯೇ, ಹಾಗಾಗಿ ಗುಜರಿಗೆ ತೂಕವೂ ಬರುವುದಿಲ್ಲ, ಯಾರೂ ಎತ್ತುವುದಿಲ್ಲ. ಅಲಂಕಾರದ ಥರ್ಮಾಕೋಲ್ ಅನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಪ್ಲಾಸ್ಟಿಕ್ ಫ್ಲೆಕ್ಸ್, ಬಂಟಿಂಗ್ಸ್ ಮೇಲೆ ಕರ್ನಾಟಕ 2016ರಲ್ಲೇ ನಿಷೇಧ ಹೇರಿತ್ತು. ಕಾನೂನು ಇದೆ. ಅದರ ಜೊತೆ ಸೀರೆ ಬಾಕ್ಸ್ ಎಸೆಯದೆ ಎತ್ತಿಡುವ ಒಬ್ಬ ಅಂಗಡಿಯವರೂ ಬೇಕು.

ಹೊಸ ದಾರಿ ಹುಡುಕುವವರೂ ಇದ್ದಾರೆ. ಮಂಗಳೂರಿಗೆ ಹತ್ತಿರದ ಪಕ್ಷಿಕೆರೆಯಲ್ಲಿ ನಿತಿನ್ ವಾಸ್ ಅವರ ‘ಪೇಪರ್ ಸೀಡ್’ ತಂಡ ಬಳಸಿದ ಕಾಗದವನ್ನು ಮತ್ತೆ ಕಾಗದ ಮಾಡುವಾಗ ಅದರೊಳಗೆ ಬೀಜ ಸೇರಿಸುತ್ತದೆ. ಹಬ್ಬ ಮುಗಿದ ಮೇಲೆ ಆ ಕಾಗದವನ್ನು ಮಣ್ಣಿಗೆ ಹಾಕಿದರಾಯಿತು.

ನಮ್ಮ ಬೇ, ನಮ್ಮ ಬಾಲ್ಕನಿ

ಈ ಮಾತು ಅಂಗಡಿಯವರಿಗೆ ಮಾತ್ರ ಅಲ್ಲ. ದಸರಾ ಬಂದರೆ ಐಟಿ ಆಫೀಸುಗಳಲ್ಲಿ ಬೇ ಡೆಕೊರೇಷನ್ ಸ್ಪರ್ಧೆ ಶುರು. ಟೀಮಿನವರೆಲ್ಲ ದುಡ್ಡು ಹಾಕಿ ಆನ್‌ಲೈನ್‌ನಲ್ಲಿ ತರಿಸಿದ ಮಿನುಗು ಪರದೆ, ಬಲೂನ್, ಪ್ಲಾಸ್ಟಿಕ್ ಚೆಂಡುಹೂವು ಶುಕ್ರವಾರ ಫೋಟೊಗೆ ಬಂದು ಸೋಮವಾರ ಕಪ್ಪು ಚೀಲದಲ್ಲಿ ಇಳಿದು ಹೋಗುತ್ತವೆ. ಹೊಸ ಲ್ಯಾಪ್‌ಟಾಪ್, ಮಾನಿಟರ್ ಬಂದ ರಟ್ಟಿನ ಪೆಟ್ಟಿಗೆಗಳು ಮಾತ್ರ ಸ್ಟೋರ್ ರೂಮಿನಲ್ಲಿ ಬಿದ್ದಿರುತ್ತವೆ.

ಈ ವರ್ಷ ಮಾಡುವವರಿಗೆ ಆ ಶೋಕೇಸಿನಿಂದ ಕಲಿತ ನಾಲ್ಕು ಮಾತು:

ಮೊದಲು ಏನಿದೆ ನೋಡಿ, ಆಮೇಲೆ ಏನು ಮಾಡಬೇಕು ಅಂತ ಯೋಚಿಸಿ. ಪಿಂಟರೆಸ್ಟ್ ನೋಡಿ ಸಾಮಾನು ಹುಡುಕಲು ಹೊರಟರೆ ಎಲ್ಲವನ್ನೂ ಕೊಳ್ಳಬೇಕಾಗುತ್ತದೆ.

ಅಂಟಿಸುವ ಬದಲು ಕಟ್ಟಿ. ಕಟ್ಟಿದ್ದನ್ನು ಬಿಚ್ಚಬಹುದು. ಬಿಚ್ಚಲು ಬಂದರೆ ರಟ್ಟು ಗುಜರಿಗೆ, ಬಟ್ಟೆ ಮತ್ತೆ ಪೆಟ್ಟಿಗೆಗೆ, ಲೈಟ್ ಸರ ಮುಂದಿನ ಹಬ್ಬಕ್ಕೆ.

ಚೌಕಟ್ಟು ಗಟ್ಟಿ ಮಾಡಿ, ಮೇಲಿನ ಹೊದಿಕೆ ಹಗುರ ಇರಲಿ. ಹೊದಿಕೆ ಬದಲಾದರೆ ಹಬ್ಬವೇ ಬದಲಾದಂತೆ ಕಾಣುತ್ತದೆ.

ಶುರು ಮಾಡುವ ಮೊದಲೇ ಎತ್ತಿಡುವ ಜಾಗ ನೋಡಿಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿ ಅಟ್ಟ ಇಲ್ಲ ನಿಜ, ಮಂಚದಡಿ ಇದೆಯಲ್ಲ. ಆರು ಚೌಕಗಳ ಮೂಲೆಯ ದಾರ ಬಿಚ್ಚಿ ಒಂದರ ಮೇಲೊಂದು ಇಟ್ಟರೆ ಇಡೀ ಗೂಡು ನಾಲ್ಕು ಬೆರಳು ದಪ್ಪಕ್ಕೆ ಬಂದು ನಿಲ್ಲುತ್ತದೆ.

ಆ ಸೀರೆ ಅಂಗಡಿಯ ಗೂಡಿನ ಒಂದು ಕಡ್ಡಿ ಮುರಿದಿತ್ತು. ಅದರ ಪಕ್ಕಕ್ಕೆ ಇನ್ನೊಂದು ತುಂಡು ಇಟ್ಟು ದಾರ ಸುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ಬಲ್ಬ್ ಹೊತ್ತಿದಾಗ ಮಾತ್ರ ಕಾಗದದ ಹಿಂದೆ ಆ ಗಂಟು ಸಣ್ಣ ನೆರಳಾಗಿ ಕಾಣುತ್ತದೆ.